ಗಾಂಧಿ ಬಜಾರಿನಿಂದ ನಾಲ್ಕನೇ ಬ್ಲಾಕಿಗೆ, ಕಾಲ್ನಡಿಗೆಯಲ್ಲಿ

"ಎರಡು ವಾರ ನಡೀತೀರ, ಆಮೇಲೆ ಗಾಡಿ ತೆಗೀತೀರ ಬಿಡಿ" ಅಂದಿದ್ದರು ಆಫೀಸಿನವರು. ಎರಡು ವರ್ಷ ದಾಟಿತು. ಹೋದ ಯುಗಾದಿ ಹೊತ್ತಿಗೆ ಸ್ಕೂಟರನ್ನೇ ಮಾರಿಬಿಟ್ಟೆ. ಹಾಗಂದವರಲ್ಲೇ ಇಬ್ಬರು ಈಗ ಸಂಜೆ ನನ್ನ ಜೊತೆ ಸೌತ್ ಎಂಡ್ ಸರ್ಕಲ್‌ವರೆಗೆ ನಡೆದು ಬಂದು ಮೆಟ್ರೋ ಹತ್ತುತ್ತಾರೆ.

ಮನೆ ಗಾಂಧಿ ಬಜಾರಿನ ಹತ್ತಿರ, ಕೆಲಸ ಜಯನಗರ ನಾಲ್ಕನೇ ಬ್ಲಾಕಿನಲ್ಲಿ. ಸುಮಾರು 3 ಕಿಲೋಮೀಟರ್, 40 ನಿಮಿಷ. ಗಾಡಿಯಲ್ಲಿ ಹೋದರೂ ಸಿಗ್ನಲ್ಲು, ಪಾರ್ಕಿಂಗ್ ಹುಡುಕಾಟ ಎಲ್ಲಾ ಸೇರಿ 25 ಆಗ್ತಿತ್ತು.

ಕಾಲುನೋವಿಗಿಂತ ಜಾಸ್ತಿ ಕಾಡಿದ್ದು ಬೆವರು. ಬೆನ್ನಿಗೆ ಬ್ಯಾಗ್ ಹಾಕಿದರೆ ಅಂಗಿ ಒದ್ದೆ, ಹೆಗಲಿಗೆ ಹಾಕಿದರೆ ಕುತ್ತಿಗೆ ನೋವು. ಕೊನೆಗೆ ವಾರಕ್ಕಾಗುವಷ್ಟು ಅಂಗಿಗಳನ್ನು ಸೋಮವಾರವೇ ಆಫೀಸಿನಲ್ಲಿ ಇಡತೊಡಗಿದೆ. ದುಬಾರಿ ಶೂ ಮಳೆಗಾಲದಲ್ಲಿ ಕೈಕೊಟ್ಟಿತು. ಒಮ್ಮೆ ನೆನೆದರೆ ಎರಡು ದಿನ ಒಣಗೋದಿಲ್ಲ. ಈಗ ಪಟ್ಟಿ ಇರುವ ಸಾದಾ ಸ್ಯಾಂಡಲ್. ತಂದ ದಿನವೇ ಚಮ್ಮಾರರ ಹತ್ತಿರ ಅಟ್ಟೆಯ ಸುತ್ತ ನೈಲಾನ್ ದಾರದ ಹೊಲಿಗೆ ಹಾಕಿಸುತ್ತೇನೆ. ವರ್ಷ ಆರಾಮಾಗಿ ಬರುತ್ತದೆ.

ಫುಟ್‌ಪಾತ್‌ನ ಚಪ್ಪಡಿಯ ಅಂಚಲ್ಲಿ ಕೆಸರು ಚಿಮ್ಮಿದ ಗುರುತಿದ್ದರೆ ಅದು ಅಲ್ಲಾಡುವ ಕಲ್ಲು ಅಂತಲೇ ಲೆಕ್ಕ. ಅದರ ಮೇಲೆ ಕಾಲಿಡಬೇಡಿ. ತರಕಾರಿಗೆ ಚಕ್ರದ ಬ್ಯಾಗನ್ನೂ ತಂದು ನೋಡಿದೆ. ಪ್ರತಿ ಗೇಟಿನ ಮುಂದೂ ಇಳಿಸು, ಏರಿಸು. ಒಂದೇ ತಿಂಗಳಲ್ಲಿ ಚಕ್ರ ಮುರಿಯಿತು. ಎರಡು ಕೈಗೆ ಎರಡು ಬಟ್ಟೆ ಚೀಲವೇ ವಾಸಿ.

ಬಿಸಿಲಿಗೂ ಉಪಾಯ ಕಂಡುಕೊಂಡೆ. ಏಪ್ರಿಲ್‌ನಲ್ಲೂ ನೆರಳು ತಪ್ಪದ ಒಂದು ದಾರಿ ಮೂರನೇ ಬ್ಲಾಕಿನ ಒಳರಸ್ತೆಗಳಲ್ಲಿದೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಬೈಕುಗಳು ಅಲ್ಲಿಗೂ ನುಗ್ಗುವುದು ನನಗೆ ಬೇಡ.

ಇನ್ನು ದುಡ್ಡಿನ ವಿಚಾರ. ಲೀಟರಿಗೆ 50 ಕೊಡುತ್ತದೆ ಅಂದಿದ್ದ ಗಾಡಿ ನನಗೆ 35 ಕೊಡ್ತಿತ್ತು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಊರೊಳಗಿನ ಚಿಕ್ಕ ಓಡಾಟ ಮುಗಿದೇ ಹೋಗಿರುತ್ತದೆ, ಅಲ್ವಾ? ಪೆಟ್ರೋಲ್, ಸರ್ವೀಸ್, ಇನ್ಶೂರೆನ್ಸ್, ಟೈರು ಎಲ್ಲಾ ಸೇರಿ ವರ್ಷಕ್ಕೆ 18,000ದ ಹತ್ತಿರ ಹೋಗ್ತಿತ್ತು. ಈಗ ಚಪ್ಪಲಿ, ಕೊಡೆ, ಜೋರು ಮಳೆ ಬಂದಾಗಿನ ಆಟೋ, ಎಲ್ಲಾ ಹಿಡಿದರೂ 5,000 ದಾಟೋದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ನನ್ನ ಲೆಕ್ಕಕ್ಕೆ ವರ್ಷಕ್ಕೆ ಕಾಲು ಟನ್ ಉಳಿಯಿತು. ನನಗೆ ಇದು ದುಡ್ಡಿಗಿಂತ ದೊಡ್ಡದು.

ಮುಂದೆ ಮಲ್ಲೇಶ್ವರದ ಅಕ್ಕನ ಮನೆಗೂ ಹೀಗೇ ಹೋಗಿ ನೋಡಬೇಕು. ಸೌತ್ ಎಂಡ್‌ನಿಂದ ಸಂಪಿಗೆ ರಸ್ತೆವರೆಗೆ ಹಸಿರು ಮಾರ್ಗದ ಮೆಟ್ರೋ, ಎರಡೂ ಕಡೆ ನಡಿಗೆ.