ಓಡ್ತಿರೋ ಸಿಸ್ಟಮ್‌ನಿಂದ ಹಾರ್ಡ್ ಡಿಸ್ಕ್ ತೆಗೆಯೋ ಮುಂಚೆ

ಫ್ರೆಂಡ್ಸ್, ಬ್ಯಾಕಪ್‌ಗೆ ಅಂತ ಇಟ್ಕೊಂಡಿರೋ ಸಾಟಾ (ಮದರ್‌ಬೋರ್ಡ್‌ಗೆ ಡಿಸ್ಕ್ ಜೋಡಿಸೋ ಒಂದು ಬಗೆಯ ಕನೆಕ್ಷನ್) ಡಿಸ್ಕನ್ನ ಕಂಪ್ಯೂಟರ್ ಆಫ್ ಮಾಡ್ದೇನೇ ತೆಗೆದು ಹಾಕ್ಬೋದು, ಆದ್ರೆ ದಯವಿಟ್ಟು ಸುಮ್ನೆ ಕೇಬಲ್ ಕೀಳ್ಬೇಡಿ. ಮೊದ್ಲು ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್ಸ್) ಸಾಟಾ ಎಎಚ್‌ಸಿಐ ಅನ್ನೋ ಮೋಡ್‌ನಲ್ಲಿ ಇದ್ಯಾ, ಡಿಸ್ಕ್ ಹಾಕಿರೋ ಪೋರ್ಟ್‌ಗೆ ಹಾಟ್ ಪ್ಲಗ್ (ಓಡ್ತಿರುವಾಗ್ಲೇ ತೆಗೆದು ಹಾಕೋ ಸೌಲಭ್ಯ) ಆನ್ ಆಗಿದ್ಯಾ ನೋಡ್ಕೊಳ್ಳಿ, ಎಷ್ಟೋ ಬೋರ್ಡ್‌ಗಳಲ್ಲಿ ಅದು ಆಫ್ ಆಗೇ ಬರತ್ತೆ.

ಲಿನಕ್ಸ್‌ನಲ್ಲಾದ್ರೆ ಆ ಡಿಸ್ಕಿನ ಎಲ್ಲಾ ಪಾರ್ಟಿಶನ್ (ಡಿಸ್ಕಿನ ಭಾಗಗಳು) ಅನ್‌ಮೌಂಟ್ ಮಾಡಿ, ಅಂದ್ರೆ ಸಿಸ್ಟಮ್ ಬಳಸ್ದೇ ಇರೋ ಹಾಗೆ ಬಿಡಿಸಿ, ಆಮೇಲೆ ಯುಡಿಸ್ಕ್ಸ್‌ಸಿಟಿಎಲ್ (udisksctl) ಕಮಾಂಡ್‌ನಲ್ಲಿ ಪವರ್ ಆಫ್ ಕೊಡಿ, ಅದು ಬಾಕಿ ಡೇಟಾ ಬರೆಸಿ ಮೋಟರ್ ನಿಲ್ಲಿಸಿ ಸಿಸ್ಟಮ್ ಲಿಸ್ಟ್‌ನಿಂದಾನೂ ಡಿಸ್ಕ್ ತೆಗೆದುಬಿಡತ್ತೆ. ವಿಂಡೋಸ್‌ನಲ್ಲಿ ಸೇಫ್ಲಿ ರಿಮೂವ್ ಪಟ್ಟೀಲಿ ಕಾಣಿಸಿದ್ರೆ ಅಲ್ಲಿಂದ್ಲೇ ತೆಗೀರಿ.

ಯಾಕಿಷ್ಟು ಹೇಳ್ತಿದೀನಿ ಅಂದ್ರೆ, ದಿಢೀರ್ ಪವರ್ ಹೋದ್ರೆ ಡಿಸ್ಕು ತಿರುಗ್ತಿರೋ ಪ್ಲ್ಯಾಟರ್‌ನ (ಡೇಟಾ ಇರೋ ತಟ್ಟೆ) ವೇಗದಿಂದ್ಲೇ ಒಂಚೂರು ಕರೆಂಟ್ ತಗೊಂಡು ಹೆಡ್ಡನ್ನ (ಡೇಟಾ ಓದಿ ಬರೆಯೋ ಭಾಗ) ಗಡಿಬಿಡೀಲಿ ಪಾರ್ಕ್ ಮಾಡತ್ತೆ, ಪ್ರತಿ ಸಲಾನೂ ಸವೆತ ಜಾಸ್ತಿ. ಸುಮಾರು ಡಿಸ್ಕ್‌ಗಳಲ್ಲಿ ಸ್ಮಾರ್ಟ್ ರಿಪೋರ್ಟ್‌ನ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ಇಟ್ಕೊಳ್ಳೋ ಲೆಕ್ಕ) 192ನೇ ನಂಬರಿನ ಸಾಲು ಇದನ್ನೇ ಎಣಿಸೋದು, ಒಮ್ಮೆ ಆ ರಿಪೋರ್ಟ್ ನೋಡಿ.

ಮೋಟರ್ ಸದ್ದು ಪೂರ್ತಿ ನಿಂತ್ಮೇಲೆ ಡೇಟಾ ಕೇಬಲ್ ಮೊದ್ಲು, ಪವರ್ ಆಮೇಲೆ ತೆಗೀರಿ, ವಾಪಸ್ ಹಾಕುವಾಗ ಉಲ್ಟಾ. ಸಾಟಾದ 15 ಪಿನ್ ಪವರ್ ಕನೆಕ್ಟರ್‌ನ ಕರೆಂಟ್ ಇರುವಾಗ್ಲೇ ಹಾಕಿ ತೆಗೆಯೋಕೆ ಅಂತ ಡಿಸೈನ್ ಮಾಡಿದಾರೆ, ಹಾಕುವಾಗ ಗ್ರೌಂಡ್ (ಅರ್ಥಿಂಗ್) ಪಿನ್ ಮೊದ್ಲು ತಾಗತ್ತೆ. ಹಳೇ 4 ಪಿನ್ ಮೋಲೆಕ್ಸ್ ಪವರ್ ಕನೆಕ್ಟರ್‌ಗೆ ಆ ರಕ್ಷಣೆ ಇಲ್ಲ, ಅದನ್ನ ಮಾತ್ರ ಕರೆಂಟ್ ಇರುವಾಗ ಮುಟ್ಲೇಬೇಡಿ.