ಮಾರಾಟಕ್ಕಿಟ್ಟ ಮನೆಯನ್ನು ನೋಡಲು ಬಂದವರಿಗೆ ತೋರಿಸುವ ಕ್ರಮ

ಬೆಂಗಳೂರಿನಲ್ಲಿ 30×40ರ ನಿವೇಶನದ ಮನೆಯೊಂದು ಮಾರಾಟಕ್ಕಿದೆ ಎಂಬ ಸುದ್ದಿ ದಲ್ಲಾಳಿಗಳ ಕಿವಿಗೆ ಬಿದ್ದ ಮೇಲೆ ನೋಡಲು ಬರುವವರಿಗೆ ಕೊರತೆಯಿಲ್ಲ. ಆದರೆ ನೋಡಿದವರೆಲ್ಲ ಕೊಳ್ಳುವವರಲ್ಲ. ಆದ್ದರಿಂದ ಬರುವವರು ಯಾರು, ಹಣವನ್ನು ಬ್ಯಾಂಕ್ ಸಾಲದಿಂದ ಹೊಂದಿಸುತ್ತಾರೆಯೇ ಎಂಬುದನ್ನು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಬೇಕು. ಮನೆ ಬಿ ಖಾತಾದಲ್ಲಿದ್ದರೆ, ಅಂದರೆ ನಿಯಮಗಳಿಗೆ ಪೂರ್ತಿ ಹೊಂದದ ಸ್ವತ್ತುಗಳಿಗಾಗಿ ಪಾಲಿಕೆ ಇಡುವ ಪ್ರತ್ಯೇಕ ದಾಖಲೆಯಲ್ಲಿದ್ದರೆ, ಅದನ್ನೂ ಆಗಲೇ ತಿಳಿಸಿಬಿಡುವುದು ಒಳ್ಳೆಯದು, ಏಕೆಂದರೆ ಅಂಥ ಸ್ವತ್ತಿಗೆ ಸಾಲ ಕೊಡಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ.

ಮನೆಯನ್ನು ಹಗಲು ಬೆಳಕಿನಲ್ಲೇ ತೋರಿಸಬೇಕು. ಭಾನುವಾರ ಬೆಳಗಿನ ಹೊತ್ತು ಬಹುಪಾಲು ಜನರಿಗೆ ಅನುಕೂಲ. ಅದೇ ದಿನ ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲವಾದ್ದರಿಂದ ಹಲವರು ಆ ಹೊತ್ತನ್ನು ಒಪ್ಪುವುದಿಲ್ಲ. ಮಹಡಿಯಲ್ಲಿ ಬಾಡಿಗೆದಾರರಿದ್ದರೆ ಅವರಿಗೆ ಹಿಂದಿನ ದಿನವೇ ಹೇಳಿ ಒಪ್ಪಿಗೆ ಪಡೆಯಬೇಕು. ಹೇಳದೆ ಕೇಳದೆ ಅವರ ಬಾಗಿಲು ತಟ್ಟುವುದು ಸೌಜನ್ಯವಲ್ಲ, ಮತ್ತು ಅವರ ಅಸಮಾಧಾನ ಬಂದವರ ಕಣ್ಣಿಗೆ ಬೀಳದೆ ಇರುವುದಿಲ್ಲ.

ಒಡವೆ, ನಗದು, ಮೂಲಪತ್ರಗಳನ್ನು ಬೀರುವಿನಲ್ಲಿ ಭದ್ರಪಡಿಸಿ, ಮನೆಯಲ್ಲಿ ಇಬ್ಬರಾದರೂ ಇರುವಂತೆ ನೋಡಿಕೊಳ್ಳಬೇಕು. ಬಂದವರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು, ಬಾಗಿಲ ಬಳಿ ನಿಂತು, ಅವರು ತಮ್ಮೊಳಗೆ ಮಾತನಾಡಿಕೊಳ್ಳಲು ಬಿಡುವು ಕೊಡಬೇಕು. ಪ್ರತಿಯೊಂದನ್ನೂ ಹೊಗಳುತ್ತಾ ಹೋದರೆ ಬಂದವರಿಗೆ ಸಂಶಯ ಹುಟ್ಟುತ್ತದೆ. ಅಡುಗೆಮನೆಯ ದಿಕ್ಕು, ದೇವರ ಕೋಣೆ, ಈಶಾನ್ಯ ಮೂಲೆಯ ಬಗ್ಗೆ ಅವರು ಆಕ್ಷೇಪವೆತ್ತಿದರೆ ವಾದಕ್ಕಿಳಿಯಬಾರದು. ಅದು ಅವರ ನಂಬಿಕೆಯ ವಿಷಯ.

ನೀರಿನ ವಿಚಾರವನ್ನು ಮಾತ್ರ ಮಾರುವವರೇ ಎತ್ತಬೇಕು. ಕಾವೇರಿ ನೀರು ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು ಬರುತ್ತದೆ, ಸಂಪು ಎಷ್ಟು ಲೀಟರಿನದು, ಬೇಸಿಗೆಯಲ್ಲಿ ಕೊಳವೆಬಾವಿ ಬತ್ತುತ್ತದೆಯೇ, ಟ್ಯಾಂಕರ್ ತರಿಸಬೇಕಾಗುತ್ತದೆಯೇ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ, ಮೋಟಾರು ಹಾಕಿ, ನಲ್ಲಿ ತಿರುಗಿಸಿ ತೋರಿಸಬೇಕು. ತಾರಸಿಯ ಸೋರಿಕೆ, ಬಚ್ಚಲಿನ ಹಿಂಬದಿಯ ತೇವ ಹಿಡಿದ ಗೋಡೆ ಇವುಗಳ ಮೇಲೆ ತರಾತುರಿಯಲ್ಲಿ ಬಣ್ಣ ಬಳಿದು ಮುಚ್ಚುವುದು ತಪ್ಪು. ಮೊದಲ ಮಳೆಗೇ ಅದು ಬಯಲಾಗುತ್ತದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ: ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ, ಮಾರುವವರಿಗೆ ಗೊತ್ತಿರುವ ಮುಖ್ಯ ದೋಷಗಳನ್ನು ತಿಳಿಸುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣದ ಪ್ರಕಾರ ಮಾರುವವರ ಹೊಣೆ. ಮಾರುವವರ ಒಡೆತನದ ಹಕ್ಕಿನಲ್ಲಿರುವ ದೋಷಕ್ಕೂ ಇದೇ ಮಾತು ಅನ್ವಯಿಸುತ್ತದೆ. ಒಡಹುಟ್ಟಿದವರ ಪಾಲಿನ ಹಕ್ಕು ಇನ್ನೂ ಇತ್ಯರ್ಥವಾಗಿಲ್ಲದಿದ್ದರೆ ಅದನ್ನು ಹೇಳದೆ ಮನೆ ತೋರಿಸುವುದು ಬಂದವರಿಗೆ ಮಾಡುವ ಅನ್ಯಾಯ.

ಮೊದಲ ಭೇಟಿಯಲ್ಲಿ ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಕಂದಾಯದ ರಸೀದಿ, ಮಂಜೂರಾದ ನಕ್ಷೆ ಇವುಗಳ ನಕಲುಗಳನ್ನು ತೋರಿಸಿದರೆ ಸಾಕು. ಕೊಂಡೊಯ್ಯಲು ಕೊಡುವ ನಕಲಿನ ಪ್ರತಿ ಪುಟದ ಮೇಲೂ ‘ಪರಿಶೀಲನೆಗೆ ಮಾತ್ರ’ ಎಂದು ಅಡ್ಡಲಾಗಿ ಬರೆದು ದಿನಾಂಕ ಹಾಕಬೇಕು. ಮೂಲಪತ್ರಗಳನ್ನು ಅವರ ವಕೀಲರು ಮಾರುವವರ ಎದುರಿನಲ್ಲೇ ನೋಡಲಿ. ಯಾರ ಕೈಗೂ ಕೊಟ್ಟು ಕಳಿಸಬಾರದು. ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ (ಪಾಲಿಕೆಯ ಸ್ವತ್ತು ದಾಖಲೆಯ ಡಿಜಿಟಲ್ ರೂಪ) ಬೇಕಾಗಿರುವುದರಿಂದ, ಅದನ್ನು ಮಾಡಿಸಿಕೊಂಡ ಮೇಲೆ ಮನೆ ತೋರಿಸಲು ಆರಂಭಿಸುವುದು ಮೇಲು.

ಬೆಲೆಯ ಮಾತನ್ನು ಮನೆ ನೋಡುವ ಹೊತ್ತಿನಲ್ಲಿ ಆಡಬಾರದು. ಕೊನೆಯ ಬೆಲೆ ಎಷ್ಟೆಂದು ಪಡಸಾಲೆಯಲ್ಲೇ ಕೇಳಿದರೆ, ಮನೆಯವರೊಡನೆ ಯೋಚಿಸಿ ಎರಡು ದಿನದಲ್ಲಿ ತಿಳಿಸುವುದಾಗಿ ಹೇಳಿದರೆ ಸಾಕು. ಮನೆಯ ಮಂದಿ ಆಳಿಗೊಂದು ಬೆಲೆ ಹೇಳದಂತೆ ಮೊದಲೇ ಒಬ್ಬರನ್ನು ಮಾತಿಗೆ ಗೊತ್ತುಮಾಡಿಕೊಂಡಿರಬೇಕು.

ಯಾರಾದರೂ ಮೆಚ್ಚಿ ಅಲ್ಲೇ ಮುಂಗಡ ಕೊಡಲು ಮುಂದಾದರೆ ಸ್ವೀಕರಿಸಲು ಅವಸರಪಡಬಾರದು. ಸ್ಥಿರಾಸ್ತಿಯ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸುತ್ತದೆ. ಚೆಕ್ಕಿನ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಪಡೆದು, ಮಾತು ಮುರಿದರೆ ಹಣ ಹಿಂತಿರುಗಿಸುವ ಷರತ್ತನ್ನೂ ಒಳಗೊಂಡ ಕರಾರನ್ನು ಬರೆಸಿಕೊಳ್ಳಬೇಕು. ಕರಾರಿಗೆ ಸಹಿಯಾದ ದಿನವೇ ಉಳಿದವರಿಗೂ ದಲ್ಲಾಳಿಗಳಿಗೂ ತಿಳಿಸಿ, ಮನೆ ತೋರಿಸುವುದನ್ನು ನಿಲ್ಲಿಸಬೇಕು.