ತೊಗರಿ ರಾಶಿ ಮುಗಿಸಿ ಮಸಾಯಿ ಮಾರಾಕ್ಕೆ: ಏಜೆಂಟ್ ಇಲ್ಲದೆ ಕೀನ್ಯಾ ನೋಡಿ ಬಂದೆವು

"ಫೆಬ್ರವರಿದಾಗ ಅಲ್ಲಿ ಏನ್ ನೋಡ್ತಿ? ಹಿಂಡೆಲ್ಲಾ ಆಗ ಟಾಂಜಾನಿಯಾದಾಗ ಇರ್ತಾವಂತ. ರೊಕ್ಕ ದಂಡ ಮಾಡ್ಕೋಬ್ಯಾಡ."

ಗಂಜಿನ (ಕಾಳಿನ ಮಾರುಕಟ್ಟೆಯ) ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನಮ್ಮ ಕಾಕಾ ಹೇಳಿದ ಮಾತಿದು. ಬೆಂಗಳೂರಿನ ನಮ್ಮ ಸಂಬಂಧಿಕರೂ ಅದನ್ನೇ ಹೇಳಿದರು. ಅವರು ಆಗಸ್ಟ್‌ನಲ್ಲಿ ಪ್ಯಾಕೇಜ್ ಹಿಡಿದು ಹೋಗಿ ಬಂದವರು. ಹೋದರೆ ಆಗಸ್ಟ್, ಇಲ್ಲದಿದ್ದರೆ ಬೇಡ ಅನ್ನೋದು ಅವರ ವಾದ. ನಾನು 2025ರ ಫೆಬ್ರವರಿಯಲ್ಲೇ ಕೀನ್ಯಾಕ್ಕೆ, ಮಸಾಯಿ ಮಾರಾ ಅನ್ನೋ ಕಾಡು ನೋಡಲು ಹೋದೆ. ನಾನು, ಹೆಂಡತಿ, ತಮ್ಮ, ಅವನ ಹೆಂಡತಿ, ಒಟ್ಟು ನಾಲ್ಕು ಜನ. ಮಕ್ಕಳನ್ನು ಅವ್ವನ ಹತ್ತಿರ ಬಿಟ್ಟಿದ್ದೆವು. ತಲೆಗೆ ಸುಮಾರು 1 ಲಕ್ಷ 45 ಸಾವಿರದಲ್ಲಿ ಮುಗಿಯಿತು. ಏಜೆಂಟ್ ಕೇಳಿದ್ದು ತಲೆಗೆ 2 ಲಕ್ಷ 60 ಸಾವಿರ. ಅದೂ ಎರಡು ದಿನ ಕಡಿಮೆ.

ಫೆಬ್ರವರಿ ಯಾಕೆ ಅಂದರೆ, ಮೊದಲ ಕಾರಣ ನಮ್ಮ ಊರಿನದೇ. ಚಿತ್ತಾಪುರ ಕಡೆ ನಮ್ಮದು ತೊಗರಿ ಹೊಲ. ಜನವರಿಯಲ್ಲಿ ರಾಶಿ ಮುಗಿದು ಮಾಲು ಗಂಜಿಗೆ ಹೋದ ಮೇಲೇ ಕೈಯಲ್ಲಿ ರೊಕ್ಕ, ಮೈಗೆ ಬಿಡುವು. ಆಗಸ್ಟ್‌ನಲ್ಲಿ ಎಡೆ ಹೊಡೆಯೋದು, ಕಳೆ ತೆಗೆಯೋದು ಬಿಟ್ಟು ಎಲ್ಲಿಗೆ ಹೋಗೋದು?

ಎರಡನೇ ಕಾರಣ ಶುದ್ಧ ಲೆಕ್ಕ. ಮಸಾಯಿ ಮಾರಾದ ಪ್ರವೇಶ ಶುಲ್ಕ ಹೊರದೇಶದವರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್. ಜುಲೈಯಿಂದ ಡಿಸೆಂಬರ್‌ವರೆಗೆ 200. ಒಂದೇ ಕಾಡು, ಒಂದೇ ಸಿಂಹ, ದುಡ್ಡು ಡಬಲ್. ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್ (ದನದಂಥ ಕಾಡುಪ್ರಾಣಿ) ಮಾರಾ ನದಿ ದಾಟೋದನ್ನೇ ನೋಡಬೇಕು ಅನ್ನುವವರು ಜುಲೈಯಿಂದ ಅಕ್ಟೋಬರ್ ಒಳಗೇ ಹೋಗಬೇಕು, ಅದು ನಿಜ. ಕಾಕಾ ಹೇಳಿದ ಹಾಗೆ ಫೆಬ್ರವರಿಯಲ್ಲಿ ಆ ದೊಡ್ಡ ಹಿಂಡು ಟಾಂಜಾನಿಯಾದ ಸೆರೆಂಗೆಟಿ ಬಯಲಿನ ದಕ್ಷಿಣದಲ್ಲಿ ಕರು ಹಾಕುತ್ತಾ ಇರುತ್ತದೆ. ಆದರೆ ಸಿಂಹ, ಆನೆ, ಜಿರಾಫೆ, ಚೀತಾ ಎಲ್ಲಿಗೂ ಗುಳೆ ಹೋಗೋದಿಲ್ಲ. ವರ್ಷಪೂರ್ತಿ ಅಲ್ಲೇ ಇರುತ್ತವೆ. ಮಾರ್ಚ್ ಮಧ್ಯದಿಂದ ದೊಡ್ಡ ಮಳೆ ಶುರು. ಅದಕ್ಕೂ ಮುಂಚಿನ ಒಣ ದಿನಗಳು ನಮಗೆ ಸರಿಯಾಗಿ ಕೂಡಿ ಬಂದವು.

ಈಗ ತಪ್ಪುಗಳ ವಿಷಯ. ಇದನ್ನು ಯಾರೂ ಬಿಡಿಸಿ ಹೇಳೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಪ್ಲಾನಿನಲ್ಲಿ ಎಂಟು ದಿನಕ್ಕೆ ಐದು ಕಾಡು ತುರುಕಿದ್ದೆ. ಮಾರಾ, ನಕುರು, ಸಂಬುರು, ಆಂಬೊಸೆಲಿ, ತ್ಸಾವೊ. ಮ್ಯಾಪಿನಲ್ಲಿ ಎಲ್ಲ ಹತ್ತಿರ ಕಾಣುತ್ತವೆ. ನೈರೋಬಿಯಿಂದ ಮಾರಾದ ಸೆಕೆನಾನಿ ಗೇಟಿಗೇ ಐದಾರು ತಾಸು ಬೇಕು. ಕಾಗದದ ಮೇಲೆ ತಾಸು ಕೂಡಿಸಿ ನೋಡಿದರೆ ಎಂಟು ದಿನದಲ್ಲಿ ಮೂರೂವರೆ ದಿನ ಗಾಡಿಯೊಳಗೇ ಹೋಗುತ್ತಿತ್ತು. ಮೂರನ್ನು ಹರಿದು ಹಾಕಿದೆ. ಮಾರಾ ಮೂರು ರಾತ್ರಿ, ನೈವಾಶಾ (ಸರೋವರದ ಊರು) ಒಂದು, ಆಂಬೊಸೆಲಿ ಎರಡು, ಹಿಂದೆ ಮುಂದೆ ನೈರೋಬಿ ಒಂದೊಂದು. ಇದೇ ಕೊನೆಗೆ ಉಳಿದ ಪ್ಲಾನು. ನೀವು ಹೋಗುವುದಾದರೂ ಇದಕ್ಕಿಂತ ಜಾಸ್ತಿ ತುರುಕಬೇಡಿ.

ಎರಡನೇ ತಪ್ಪು ನಮಗೆ 26 ಸಾವಿರ ಕಳೆಯಿತು. ಕೀನ್ಯಾದಿಂದ ವಾಪಸ್ ಬರುವವರಿಗೆ ನಮ್ಮ ದೇಶದಲ್ಲಿ ಹಳದಿ ಜ್ವರದ ಲಸಿಕೆ ಕಾರ್ಡ್ ಕಡ್ಡಾಯ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಲಸಿಕೆಗೆ ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ವಾಡಿಯಿಂದ ಬೆಳಗಿನ ರೈಲು ಹಿಡಿದು ಹೋದೆವು. ತಮ್ಮ ಪಾಸ್‌ಪೋರ್ಟಿನ ಝೆರಾಕ್ಸ್ ಮಾತ್ರ ತಂದಿದ್ದ. ಒರಿಜಿನಲ್ ಬೇಕು ಅಂದರು. ನಾಲ್ವರೂ ಒಟ್ಟಿಗೆ ಹಾಕಿಸೋಣ ಅಂತ ಎಲ್ಲರೂ ಖಾಲಿ ಕೈಯಲ್ಲಿ ವಾಪಸ್. ಮತ್ತೆ ದಿನ ಸಿಕ್ಕಿದ್ದು ವಾರದ ಮೇಲೆ. ಅಷ್ಟರಲ್ಲಿ ವಿಮಾನಕ್ಕೆ ಉಳಿದದ್ದು ಏಳೇ ದಿನ. ಆ ಕಾರ್ಡ್ ಊರ್ಜಿತ ಆಗೋದು ಲಸಿಕೆ ಹಾಕಿದ ಹತ್ತು ದಿನದ ಮೇಲೆ. ಮೈಯಲ್ಲಿ ರಕ್ಷಣೆ ಬರೋದಕ್ಕೂ ಅಷ್ಟೇ ದಿನ ಬೇಕು. "ನಡೀತದ, ಯಾರ್ ನೋಡ್ತಾರ" ಅಂದ ತಮ್ಮ. ರಕ್ಷಣೆ ಬರುವ ಮುಂಚೆ ಹೊರಡೋದಕ್ಕೆ ನಾನು ಒಪ್ಪಲಿಲ್ಲ. ಟಿಕೆಟ್ ಮುಂದೆ ಹಾಕಿಸಿದೆ, ದಂಡ ಕಟ್ಟಿದೆ. ವಾಪಸ್ ಬರುವಾಗ ಮುಂಬೈಯಲ್ಲಿ ನಾಲ್ಕೂ ಕಾರ್ಡ್ ತಾರೀಖು ಸಮೇತ ನೋಡಿದರು. ಒಂದು ಸಮಾಧಾನ ಅಂದರೆ, ಈ ಲಸಿಕೆ ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಆದ್ದರಿಂದ ಮೊದಲು ಲಸಿಕೆ ಹಾಕಿಸಿ, ಆಮೇಲೆ ಟಿಕೆಟ್ ತೆಗೆಯಿರಿ. ವೀಸಾದ ತಲೆನೋವು ಇಲ್ಲ. 2024ರಿಂದ ಆನ್‌ಲೈನ್ ಅನುಮತಿ ಸಾಕು, 30 ಡಾಲರ್ ಚಿಲ್ಲರೆ. ನಮಗೆ ಎರಡು ದಿನದಲ್ಲಿ ಬಂತು.

ಇನ್ನು ಗಾಡಿ. ಇಲ್ಲೇ ನಾನು ಗೆದ್ದೆ ಅಂತ ಧೈರ್ಯವಾಗಿ ಹೇಳಬಲ್ಲೆ.

ಅಲ್ಲಿ ಎರಡು ಥರದ ಗಾಡಿ ಸಿಗುತ್ತವೆ. ಮೇಲ್ಛಾವಣಿ ಎತ್ತುವ ವ್ಯಾನು, ಮತ್ತೆ ಫೋರ್ ವೀಲ್ ಡ್ರೈವ್ ಲ್ಯಾಂಡ್ ಕ್ರೂಸರ್. ವ್ಯಾನಿಗೆ ದಿನಕ್ಕೆ 140 ಡಾಲರ್ ಆಸುಪಾಸು, ಲ್ಯಾಂಡ್ ಕ್ರೂಸರಿಗೆ 220. ಡ್ರೈವರ್, ಡೀಸೆಲ್ ಎಲ್ಲ ಸೇರಿ. ಒಣ ತಿಂಗಳು, ವ್ಯಾನೇ ಸಾಕು ಅಂತ ಎಲ್ಲರೂ ಹೇಳಿದರು. ತಮ್ಮನೂ ಹಾಗೇ ಅಂದ. ನಾನು ಒಂದು ರಾತ್ರಿ ಕೂತು ಮಾರಾದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಪ್ರಾಣಿ ನೋಡಲಿಲ್ಲ, ನೆಲ ನೋಡಿದೆ. ಕಪ್ಪು ಮಣ್ಣು, ಕೈ ಹೋಗುವಷ್ಟು ಬಿರುಕು. ಅದು ನಮ್ಮದೇ ಎರೆ ಭೂಮಿ! ಎರೆ ಮಣ್ಣಿನ ಗುಣ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ. ಒಣಗಿದಾಗ ಕಲ್ಲು, ಅರ್ಧ ತಾಸು ಮಳೆ ಬಿದ್ದರೆ ಬೆಣ್ಣೆ. ನಮ್ಮ ಹೊಲದ ದಾರಿಯಲ್ಲಿ ಟ್ರ್ಯಾಕ್ಟರೇ ಕೂತು ಬಿಡುತ್ತದೆ. ಅಲ್ಲಿ ವ್ಯಾನು ಏನು ಮಾಡೀತು? ಏಳು ದಿನಕ್ಕೆ 560 ಡಾಲರ್ ಜಾಸ್ತಿ ಆಯಿತು. ನಾಲ್ವರಿಗೆ ಹಂಚಿದರೆ ತಲೆಗೆ 12 ಸಾವಿರ. ಮನೆಯಲ್ಲಿ ಒಂದು ದಿನ ಮಾತು ಬಿಟ್ಟಿದ್ದರು.

ಮಾರಾದಲ್ಲಿ ಎರಡನೇ ದಿನ ಮಧ್ಯಾಹ್ನ ಅಕಾಲದ ಮಳೆ ಬಂತು. ಮುಕ್ಕಾಲು ತಾಸು ಹೊಡೆಯಿತು. ನಿಂತ ಮೇಲೆ ನೋಡಿದರೆ ಹಳ್ಳದ ಆಚೆ ಎರಡು ವ್ಯಾನು ಗಾಲಿ ಮುಳುಗಿಸಿಕೊಂಡು ನಿಂತಿದ್ದವು. ನಮ್ಮ ಡ್ರೈವರ್ ಹಗ್ಗ ಕಟ್ಟಿ ಒಂದನ್ನು ಎಳೆದ. ನಾನು, ತಮ್ಮ ಅದನ್ನೇ ನೋಡುತ್ತಾ ಕೂತಿದ್ದೆವು. ಅವನು ಮೆಲ್ಲಗೆ, "ಅಣ್ಣಾ, ಛಲೋ ಆತು" ಅಂದ. ಅದೇ ಸಂಜೆ, ಮಳೆ ನಿಂತ ಹಸಿ ಹುಲ್ಲಿನಲ್ಲಿ ಒಂದು ಚೀತಾ ಮೂರು ಮರಿಗಳ ಜೊತೆ ಗೆದ್ದಲ ಹುತ್ತದ ಮೇಲೆ ಬಂದು ಕೂತಿತು. ನಮ್ಮ ಗಾಡಿ ಬಿಟ್ಟರೆ ಇನ್ನೊಂದೇ ಗಾಡಿ ಅಲ್ಲಿತ್ತು. ಬೆಂಗಳೂರಿನವರು ಆಗಸ್ಟ್‌ನಲ್ಲಿ ಒಂದು ಚೀತಾದ ಸುತ್ತ ಇಪ್ಪತ್ತು ಗಾಡಿ ಎಣಿಸಿದ್ದರಂತೆ. ನನ್ನ ಹೆಂಡತಿ ಇಪ್ಪತ್ತು ನಿಮಿಷ ಮಾತೇ ಆಡಲಿಲ್ಲ. ಮರಿಗಳು ತಾಯಿಯ ಬಾಲ ಹಿಡಿದು ಆಡುತ್ತಿದ್ದವು.

ಮಾರಾದಲ್ಲಿ ದುಡ್ಡು ಉಳಿಸುವ ಒಂದು ದಾರಿ ಹೇಳುತ್ತೇನೆ. ಗೇಟಿನ ಹೊರಗಿನ ಕ್ಯಾಂಪಿನಲ್ಲಿ ಉಳಿಯಿರಿ. ಟಿಕೆಟ್ ಬೆಳಗ್ಗೆ 6ರಿಂದ ಸಂಜೆ 6ರವರೆಗೆ. ಪ್ಯಾಕೇಜಿನವರು ಮುಟ್ಟಿದ ದಿನವೇ ಸಂಜೆ ಎರಡು ತಾಸಿಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೂ ಪೂರ್ತಿ ದಿನದ ಶುಲ್ಕ. ನಾವು ಆ ಸಂಜೆ ಸುಮ್ನೆ ಕ್ಯಾಂಪಿನಲ್ಲಿ ಮಲಗಿದೆವು. ಆಮೇಲಿನ ಎರಡು ದಿನ ಬೆಳಗಿನಿಂದ ಸಂಜೆವರೆಗೆ ಒಳಗೇ ಇದ್ದೆವು, ಊಟ ಕಟ್ಟಿಕೊಂಡು. ನಾಲ್ವರಿಗೆ 400 ಡಾಲರ್ ಉಳಿಯಿತು. ಕ್ಯಾಂಪು ಊಟ ಸಮೇತ ತಲೆಗೆ 45–50 ಡಾಲರ್ ಬಿತ್ತು. ಆ ಕ್ಯಾಂಪಿನವರ ಜೊತೆ ಯಾವಾಗ, ಏನು ಹೇಳಿ ಆ ದರಕ್ಕೆ ಇಳಿಸಿದೆ ಅನ್ನೋದನ್ನು ಮಾತ್ರ ಬರೆಯೋದಿಲ್ಲ. ಗಂಜಿನಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದು ಕಲಿತ ವಿದ್ಯೆ ಅದು. ಡ್ರೈವರ್ ನಂಬರೂ ನನ್ನ ಹತ್ತಿರವೇ ಇರಲಿ.

ಗೇಟಿನಲ್ಲಿ ಮಾತ್ರ ಒಂದು ಪೆಟ್ಟು ಬಿತ್ತು. ಶುಲ್ಕ ಕಾರ್ಡಿನಿಂದ ಕಟ್ಟಬೇಕಿತ್ತು. ನನ್ನ ಕಾರ್ಡಿನಲ್ಲಿ ಹೊರದೇಶದ ವಹಿವಾಟು ಆನ್ ಮಾಡಿದ್ದೆ, ದಿನದ ಮಿತಿ ಏರಿಸೋದು ಮರೆತಿದ್ದೆ. 400 ಡಾಲರ್ ಅಂದರೆ ಆಗ ಸುಮಾರು 35 ಸಾವಿರ ರೂಪಾಯಿ. ಮೂರು ಸಲ ತಿಕ್ಕಿದರೂ ಆಗಲಿಲ್ಲ. ಕೊನೆಗೆ ತಮ್ಮನ ಕಾರ್ಡ್ ನಡೆಯಿತು. ಅಷ್ಟರಲ್ಲಿ ನಲವತ್ತು ನಿಮಿಷ ಹೋಗಿ ಬಿಸಿಲು ಏರಿತ್ತು. ಸಿಂಹ ನೋಡುವ ಒಳ್ಳೆ ಹೊತ್ತು ಕೈ ತಪ್ಪಿತು. ಎರಡು ಬ್ಯಾಂಕಿನ ಕಾರ್ಡ್ ಇಟ್ಟುಕೊಳ್ಳಿ, ಮಿತಿ ಮನೆಯಲ್ಲೇ ಏರಿಸಿ.

ಹೋಗುವ ಮುಂಚೆ ಒಂದು ರಿಹರ್ಸಲ್ ಮಾಡಿದ್ದೆವು. ಡಿಸೆಂಬರ್‌ನಲ್ಲಿ ಎರಡು ಭಾನುವಾರ ಚಿಂಚೋಳಿ ಕಾಡಿಗೆ, ಚಂದ್ರಂಪಳ್ಳಿ ಡ್ಯಾಮಿನ ಕಡೆ ಹೋದೆವು. ನಸುಕಿನಲ್ಲಿ ಎದ್ದು, ದುರ್ಬೀನು ಹಿಡಿದು, ಮಾತಾಡದೆ ಎರಡು ತಾಸು ಕೂರೋದು ಅಷ್ಟು ಸುಲಭ ಇಲ್ಲ. ಮೊದಲ ವಾರ ಎಲ್ಲರೂ ಅರ್ಧ ತಾಸಿಗೆ ಎದ್ದರು. ಎರಡನೇ ವಾರ ಕೂತರು. ಸಾವಿರ ರೂಪಾಯಿ ಪೆಟ್ರೋಲ್ ಖರ್ಚು ಅಷ್ಟೇ. ಮಾರಾದಲ್ಲಿ ಹುಲ್ಲಿನೊಳಗಿನ ಸಿಂಹದ ಕಿವಿಯನ್ನು ಡ್ರೈವರ್‌ಗಿಂತ ಮುಂಚೆ ನನ್ನ ಹೆಂಡತಿ ಗುರುತಿಸಿದಳು.

ಊಟದ ಕಥೆ ಬೇರೆ. ಕಡಕ್ ರೊಟ್ಟಿ ನಲವತ್ತು, ಶೇಂಗಾ ಹಿಂಡಿ, ಪುಟಾಣಿ ಹಿಂಡಿ ಒಯ್ದಿದ್ದೆವು. ಪ್ಲಾಸ್ಟಿಕ್ ಚೀಲಕ್ಕೆ ಅಲ್ಲಿ 2017ರಿಂದ ನಿಷೇಧ, ಬಿಗಿಯಾಗಿಯೇ ಇದೆ. ಅವ್ವ ಹಳೇ ಧೋತರ ಹರಿದು ಗಂಟು ಕಟ್ಟಿ ಕೊಟ್ಟಿದ್ದಳು. ಒಂದು ರೊಟ್ಟಿಯೂ ಕೆಡಲಿಲ್ಲ. ಅಲ್ಲಿ ನಮ್ಮವೇ ಮಾತು ಕಿವಿಗೆ ಬೀಳುತ್ತವೆ. ಚಪಾತಿಗೆ ಚಪಾತಿನೇ, ಚಹಾಕ್ಕೆ ಚಾಯ್, ಅಂಗಡಿಗೆ ದುಕಾ, ಗಾಡಿಗೆ ಗಾರಿ. ಜೋಳಕ್ಕೆ ಮ್ತಾಮಾ ಅಂತಾರೆ. ನೈರೋಬಿಯಲ್ಲಿ ಒಂದು ಕಿಲೋ ಮ್ತಾಮಾ ಹಿಟ್ಟು ತಗೊಂಡು ನೈವಾಶಾದ ಕಾಟೇಜಿನಲ್ಲಿ ರೊಟ್ಟಿ ಪ್ರಯೋಗ ಮಾಡಿದೆವು. ಮೊದಲ ಮೂರು ಬಡಿಯುವಾಗಲೇ ಒಡೆದವು. ಹಿಟ್ಟು ದಪ್ಪ ಇತ್ತು, ಹಳೇದೂ ಇತ್ತು. ಕುದಿಯುವ ನೀರಿನಲ್ಲಿ ನಾದಿ, ಸಣ್ಣದಾಗಿ ತಟ್ಟಿದಾಗ ನಾಲ್ಕನೆಯದು ಎದ್ದಿತು. ಕಾಟೇಜಿನ ಅಡುಗೆಯಾಕೆ ಹಿಂಡಿ ಹಚ್ಚಿಕೊಂಡು ಎರಡು ತಿಂದಳು. ಅದೇ ಊರಿನ ಹತ್ತಿರ ಹೆಲ್ಸ್ ಗೇಟ್ ಅನ್ನೋ ಕಾಡಿದೆ. ಬಾಡಿಗೆ ಸೈಕಲ್ ಹೊಡೆದುಕೊಂಡು ಜೀಬ್ರಾಗಳ ನಡುವೆ ಹೋಗಬಹುದು. ಆಗ ಶುಲ್ಕ 26 ಡಾಲರ್ ಇತ್ತು. ಕೊಟ್ಟ ದುಡ್ಡಿಗೆ ಇಷ್ಟು ಖುಷಿ ಬೇರೆಲ್ಲೂ ಸಿಗಲಿಲ್ಲ.

ಆಂಬೊಸೆಲಿಗೆ ಎರಡು ರಾತ್ರಿ ಇಟ್ಟಿದ್ದು ಕಿಲಿಮಂಜಾರೊ ಸಲುವಾಗಿ. ಪರ್ವತ ಇರೋದು ಟಾಂಜಾನಿಯಾದಲ್ಲಿ, 5,895 ಮೀಟರ್. ಚೆಂದ ಕಾಣೋದು ಕೀನ್ಯಾ ಕಡೆಯಿಂದ. ಆದರೆ ಬಿಸಿಲು ಏರಿದರೆ ಮೋಡದೊಳಗೆ ಹೋಗುತ್ತದೆ. ಮೊದಲ ಬೆಳಗ್ಗೆ ಏನೂ ಕಾಣಲಿಲ್ಲ, ಪೂರ್ತಿ ಮೋಡ. ಒಂದೇ ರಾತ್ರಿಯ ಪ್ಲಾನಿನವರು ಹಾಗೇ ಹೊರಟು ಹೋದರು. ಆ ದಿನ ಒಳಗೆ ಹೋಗಿ ಆನೆ ನೋಡಿದೆವು. ಆಗ ಶುಲ್ಕ 60 ಡಾಲರ್ ಇತ್ತು. ಸುತ್ತ ಎಲ್ಲ ಒಣ ಧೂಳು, ನಡುವೆ ಹಸಿರು ಜೌಗು. ಕಿಲಿಮಂಜಾರೊದ ನೀರು ನೆಲದೊಳಗೆ ಹರಿದು ಬಂದು ಅಲ್ಲಿ ಬುಗ್ಗೆಯಾಗಿ ಏಳುತ್ತದೆ. ಆನೆಗಳು ಹೊಟ್ಟೆವರೆಗೆ ನೀರಲ್ಲಿ ನಿಂತು ಮೇಯುತ್ತವೆ. ಎರಡನೇ ಬೆಳಗ್ಗೆ ಆರೂ ಕಾಲಿಗೆ ಕ್ಯಾಂಪಿನ ಅಂಗಳಕ್ಕೆ ಬಂದರೆ ಪರ್ವತ ಪೂರ್ತಿ ತೆರೆದಿತ್ತು. ನೆತ್ತಿಯ ಹಿಮ ಮೊದಲು ಗುಲಾಬಿ, ಆಮೇಲೆ ಬಿಳಿ. ಮುಕ್ಕಾಲು ತಾಸು ಇತ್ತು. ಪಾರ್ಕಿನ ಹೊರಗಿನಿಂದಲೇ ನೋಡಿದ್ದರಿಂದ ಆ ದಿನದ ಶುಲ್ಕವೂ ಇಲ್ಲ.

ನೆನಪಿದ್ದಷ್ಟು ಖರ್ಚು ಹೇಳುತ್ತೇನೆ, ತಲೆಗೆ. ಮುಂಬೈ–ನೈರೋಬಿ ವಿಮಾನ ಹೋಗಿ ಬರಲು 42 ಸಾವಿರ. ಗಾಡಿ 33 ಸಾವಿರದ ಮೇಲೆ ಸ್ವಲ್ಪ. ಪಾರ್ಕ್ ಶುಲ್ಕ, ಬೋಟು, ಸೈಕಲ್ ಎಲ್ಲ ಸೇರಿ 28 ಸಾವಿರದ ಒಳಗೆ. ಉಳಿಯೋದು, ಊಟ 28 ಸಾವಿರ. ಅನುಮತಿ, ವಿಮೆ, ಲಸಿಕೆ, ಮುಂಬೈ ರೈಲು, ಡ್ರೈವರ್ ಭಕ್ಷೀಸು ಇವಕ್ಕೆ 13–14 ಸಾವಿರ. ಟಿಕೆಟ್ ದಂಡ ಇದರಲ್ಲಿ ಸೇರಿಲ್ಲ.

ಇನ್ನೊಂದು ವಿಷಯ ಬರೆಯದೆ ಇರಲಾರೆ. ಆಂಬೊಸೆಲಿಗೆ ಹೋಗುವಾಗ ಎಮಾಲಿ ಅನ್ನೋ ಊರು ಸಿಗುತ್ತದೆ. ಅದಕ್ಕೂ ಮುಂಚೆ ರಸ್ತೆ ಪಕ್ಕ ಮೆಕ್ಕೆಜೋಳದ ಸಾಲಿನ ನಡುವೆ ಪರಿಚಯದ ಎಲೆ ಕಂಡಿತು. ಗಾಡಿ ನಿಲ್ಲಿಸಿ ಇಳಿದೆ. ತೊಗರಿ! ಅಲ್ಲಿ ಅದಕ್ಕೆ ಎಂಬಾಜಿ ಅಂತಾರೆ. ಆ ಸೀಮೆಯಲ್ಲಿ ಅದು ಮಳೆ ನಂಬಿದ ಬೆಳೆ, ನಮ್ಮ ಹಾಗೇ. ಗಿಡ ನಮ್ಮದಕ್ಕಿಂತ ಎತ್ತರ. ಎಮಾಲಿ ಸಂತೆಯಲ್ಲಿ ಒಬ್ಬ ಮುದುಕಿ ಕಾಳು ಮಾರುತ್ತಿದ್ದಳು. ನಮ್ಮ ಕಾಳು ಕೆಂಪು, ಅದು ಬಿಳಿ, ದಪ್ಪ. ಡ್ರೈವರ್ ನಡುವೆ ನಿಂತು ಮಾತು ದಾಟಿಸಿದ. ದರ ಕೇಳಿದೆ, ಎಕರೆಗೆ ಎಷ್ಟು ಬರುತ್ತದೆ ಕೇಳಿದೆ, ಕಾಯಿಕೊರಕದ ಹುಳ ಇದೆಯಾ ಕೇಳಿದೆ. ಹುಳ ಅಂದ ಕೂಡಲೇ ಆಕೆ ಹೌದು ಹೌದು ಅಂತ ಜೋರಾಗಿ ತಲೆ ಅಲ್ಲಾಡಿಸಿದಳು. ಅನುಮತಿ ಇಲ್ಲದೆ ಬೀಜ ತರೋ ಹಾಗಿಲ್ಲ. ಅದಕ್ಕೇ ಒಂದು ಹಿಡಿ ಅಂಗೈಯಲ್ಲಿ ಇಟ್ಟುಕೊಂಡು ಫೋಟೋ ತೆಗೆದು ವಾಪಸ್ ಕೊಟ್ಟೆ.

ಊರಿಗೆ ಬಂದ ಮೇಲೆ ಕಾಕಾಗೆ ಮೊಬೈಲ್ ಕೊಟ್ಟೆ. ಸಿಂಹ, ಚೀತಾ, ಪರ್ವತ ಎಲ್ಲ ಬೇಗ ಬೇಗ ಸರಿಸಿದರು. ಅಂಗೈ ಮೇಲಿನ ಕಾಳಿನ ಫೋಟೋಕ್ಕೆ ನಿಂತರು. ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

"ಬ್ಯಾಳಿ ಛಲೋ ಬೀಳ್ತದ ಇದು," ಅಂದರು. "ಅಲ್ಲಿ ಕ್ವಿಂಟಲಿಗೆ ಏನ್ ರೇಟ್ ಅದ?"